ಕೆಟಿಂಗ್‌ಕಾಸ್ಟಿಗೆ ಧಾರವಾಡದ ರೆಕ್ಸಿನ್: ಒಂದು ಡಚ್ ಸೈಕಲ್ಲಿನ ದುರಸ್ತಿಯ ದಾಖಲೆ

ನನ್ನ ತಂಗಿಯ ಮಗಳು ಒಂಬತ್ತು ವರ್ಷ ನೆದರ್ಲೆಂಡ್ಸಿನ ಡೆಲ್ಫ್ಟ್ ನಗರದಲ್ಲಿದ್ದು, ಕಳೆದ ಮಾರ್ಚ್ ತಿಂಗಳಲ್ಲಿ ಗಂಡ ಮತ್ತು ಮಗಳೊಡನೆ ಧಾರವಾಡಕ್ಕೆ ಮರಳಿದಳು. ಹಡಗಿನಲ್ಲಿ ಬಂದ ಅವಳ ಸಾಮಾನುಗಳಲ್ಲಿ ರಟ್ಟಿನಲ್ಲಿ ಸುತ್ತಿದ ಒಂದು ಹಳೆಯ ಕಪ್ಪು ಸೈಕಲ್ಲೂ ಇತ್ತು. ಅದನ್ನು ತರಲು ತೆತ್ತ ಬಾಡಿಗೆಯಲ್ಲಿ ಇಲ್ಲಿ ಹೊಸದೊಂದನ್ನೇ ಕೊಳ್ಳಬಹುದಿತ್ತೆಂದು ಅವಳ ಗಂಡ ನಕ್ಕರೂ, ಅವಳು ಅದನ್ನು ನೇರವಾಗಿ ನನ್ನ ಮನೆಯ ಹಿತ್ತಲಿಗೇ ತಂದು ನಿಲ್ಲಿಸಿದಳು.

"ಮಾಮಾ, ಇದನ್ನ ಗುಜರಿಗೆ ಹಾಕಬ್ಯಾಡ್ರಿ. ಎಂಟು ವರ್ಷ ಮಳಿಯೊಳಗ, ಗಾಳಿಯೊಳಗ ನನ್ನ ಹೊತ್ತು ತಿರಗೇದ. ಮಾಡಿದ್ರ ನೀವ ಮಾಡಬೇಕು."

ತಾಂತ್ರಿಕ ಶಾಲೆಯೊಂದರ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತನಾದ ನನಗೆ ಸೈಕಲ್ಲು ಹೊಸ ವಸ್ತುವಲ್ಲ. ಆದ್ದರಿಂದ ಎರಡು ವಾರದ ಕೆಲಸವೆಂದು ಎಣಿಸಿದೆ. ಅದು ಐದು ತಿಂಗಳು ಹಿಡಿಯಿತು. ಆ ಅವಧಿಯಲ್ಲಿ ನಾನು ಕಂಡಿರದ ಒಂದು ದೇಶದ ನಡೆನುಡಿ ನನಗೆ ಸ್ವಲ್ಪ ತಿಳಿದದ್ದು ಪುಸ್ತಕದಿಂದಲ್ಲ, ನಟ್ಟು ಬೋಲ್ಟುಗಳ ಮೂಲಕ. ಈ ಸೈಕಲ್ಲಿನ ಒಂದೊಂದು ಭಾಗದ ಹಿಂದೆಯೂ ಅಲ್ಲಿನವರ ಒಂದೊಂದು ದಿನಚರಿ ಅಡಗಿದೆ. ಆ ದಿನಚರಿ ತಿಳಿಯದೆ ಆ ಭಾಗವನ್ನು ಸರಿಯಾಗಿ ದುರಸ್ತಿ ಮಾಡಲಾಗದು ಎಂಬುದನ್ನು ನಾನು ಒಂದೆರಡು ಬಾರಿ ತಪ್ಪು ಮಾಡಿಯೇ ಅರಿತೆ.

ಬಿಚ್ಚುವ ಮುನ್ನ

ಮೊದಲ ದಿನ ಯಾವುದನ್ನೂ ಬಿಚ್ಚದೆ ಬರೆದಿಟ್ಟುಕೊಂಡ ಸ್ಥಿತಿ ಹೀಗಿತ್ತು. ಹಿಂದಿನ ಟಯರು ಬಿರುಕುಬಿಟ್ಟಿತ್ತು, ಎರಡೂ ರಿಮ್ಮುಗಳು ತುಕ್ಕು ಹಿಡಿದಿದ್ದವು, ಹಿಂದಿನ ಹಬ್ಬಿನೊಳಗೆ, ಅಂದರೆ ಕಡ್ಡಿಗಳೆಲ್ಲ ಕೂಡುವ ಚಕ್ರದ ನಡುಭಾಗದೊಳಗೆ, ಮರಳು ಅರೆದಂತಹ ಸದ್ದು ಕೇಳುತ್ತಿತ್ತು. ಚೈನನ್ನು ಪೂರ್ತಿಯಾಗಿ ಮುಚ್ಚುವ ಬಟ್ಟೆಯ ಕವಚ ಕೆಳಗಡೆ ಒಂದು ಗೇಣಿನಷ್ಟು ಹರಿದಿತ್ತು, ಡೈನಮೋ ಸತ್ತಿತ್ತು. ಹೆಸರಿನ ಬಿಲ್ಲೆ ಎಂದೋ ಕಳಚಿಬಿದ್ದಿದ್ದರಿಂದ ಯಾವ ಕಾರ್ಖಾನೆಯದೆಂದು ಹೇಳುವಂತಿರಲಿಲ್ಲ. ಚೌಕಟ್ಟು ಮಾತ್ರ ಎಲ್ಲಿಯೂ ಬಾಗಿರಲಿಲ್ಲ.

ಕಪ್ಪು ಬಣ್ಣವನ್ನು ಕೆರೆದು ಹೊಸದಾಗಿ ಹಚ್ಚಬೇಕೆಂಬ ನನ್ನ ಆಸೆಗೆ ಮಗಳು (ತಂಗಿಯ ಮಗಳು ನನಗೂ ಮಗಳೇ) ಒಪ್ಪಲಿಲ್ಲ. ಸೈಕಲ್ಲು ಹೊಳೆದರೆ ಅಲ್ಲಿ ಕಳ್ಳರ ಕಣ್ಣು ಬೀಳುತ್ತದೆ. ಜೊತೆಗೆ, ಹೊಳೆಯಿಸಿಕೊಂಡು ತಿರುಗುವುದೇ ಅವರ ಜಾಯಮಾನಕ್ಕೆ ಒಗ್ಗುವುದಿಲ್ಲ ಎಂದಳು. "ದೂ ಮಾರ್ ಖೆವೋನ್, ದಾನ್ ದೂ ಯೆ ಅಲ್ ಖೆಕ್ ಖೆನುಖ್" ಎಂಬುದು ಡಚ್ಚರು ಮಕ್ಕಳಿಗೂ ಮಂತ್ರಿಗಳಿಗೂ ಹೇಳುವ ಮಾತು: ಸಾಮಾನ್ಯನಂತೆ ನಡೆದುಕೋ, ನಿನ್ನ ಹುಚ್ಚಿಗೆ ಅಷ್ಟೇ ಸಾಕು. ನಾನು ಸೀಮೆಎಣ್ಣೆ ಅದ್ದಿದ ಬಟ್ಟೆಯಿಂದ ಒರೆಸಿ ಬಿಟ್ಟೆ.

ಬಿಡಿಭಾಗಗಳನ್ನು ತುಂಬಲು ಇಟ್ಟ ಡಬ್ಬಿಗಳ ಮೇಲೆ ಅವಳು ಡಚ್ ಹೆಸರುಗಳನ್ನು ಕನ್ನಡ ಅಕ್ಷರದಲ್ಲಿ ಬರೆದು ಅಂಟಿಸಿದಳು. ಸೈಕಲ್ಲು "ಫೀಟ್ಸ್". ಚೈನು "ಕೆಟಿಂಗ್", ಪೆಟ್ಟಿಗೆ "ಕಾಸ್ಟ್", ಎರಡೂ ಕೂಡಿ "ಕೆಟಿಂಗ್‌ಕಾಸ್ಟ್". ಮಡ್‌ಗಾರ್ಡು "ಸ್ಪಾಟ್‌ಬೋರ್ಟ್", ಅಂದರೆ ಸಿಡಿಯುವುದನ್ನು ತಡೆಯುವ ಹಲಗೆ. "ತೆರುಖ್" ಎಂದರೆ ಹಿಂದಕ್ಕೆ, "ಟ್ರಾಪ್" ಎಂದರೆ ತುಳಿತ, "ರೆಮ್" ಎಂದರೆ ಬ್ರೇಕು. ಮೂರನ್ನೂ ಬೆಸೆದರೆ "ತೆರುಖ್‌ಟ್ರಾಪ್‌ರೆಮ್". ಅರಮನೆಯೆಂಬ ಒಂದೇ ಮಾತಿನಲ್ಲಿ ಅರಸನನ್ನೂ ಮನೆಯನ್ನೂ ಬೆಸೆಯಬಲ್ಲ ನಮಗೆ ಈ ಪದ್ಧತಿ ಕಷ್ಟವೆನಿಸಲಾರದು. ಕಷ್ಟವೆನಿಸುವುದು ಗಂಟಲಿನ ಆಳದಿಂದ ಕೆರೆದುಕೊಂಡು ಬರುವ ಆ "ಖ". ನಾನು ಅಭ್ಯಾಸ ಮಾಡುತ್ತಿದ್ದರೆ ಮನೆಯವಳು ಒಳಗಿನಿಂದ ಬಿಸಿನೀರು ತಂದುಕೊಟ್ಟಳು.

ಟಯರು ಕೂತಿತು, ರಿಮ್ಮು ಕೂರಲಿಲ್ಲ

ಹಳೆಯ ಟಯರಿನ ಪಕ್ಕದಲ್ಲಿ 40-635 ಎಂದೂ ಅದರ ಮುಂದೆ 28×1½ ಎಂದೂ ಅಚ್ಚಾಗಿತ್ತು. ಮೊದಲನೆಯದರಲ್ಲಿ 40 ಟಯರಿನ ಅಗಲ, 635 ರಿಮ್ಮಿನ ಮೇಲೆ ಟಯರು ಕೂರುವ ಜಾಗದ ವ್ಯಾಸ, ಎರಡೂ ಮಿಲಿಮೀಟರುಗಳಲ್ಲಿ. ಪರದೇಶದಿಂದ ತರಿಸಬೇಕಾದೀತೆಂದು ಅಂಜುತ್ತ ನಾನು ಮಾರುಕಟ್ಟೆಯ ಹಿಂದಿನ ಓಣಿಯಲ್ಲಿರುವ ಸೈಕಲ್ ಅಂಗಡಿಗೆ ಹೋದೆ. ಅಂಗಡಿಯವನು ಟಯರನ್ನು ಒಮ್ಮೆ ತಿರುಗಿಸಿ ನೋಡಿ, ಅಟ್ಟದ ಮೇಲಿನಿಂದ ಹಾಲು ಮಾರುವವರು ಇಂದಿಗೂ ಬಳಸುವ ಕರಿ ಸೈಕಲ್ಲಿನ ಟಯರನ್ನು ಕೆಳಗಿಳಿಸಿದ. ಅದರ ಮೇಲೂ 28×1½ ಎಂದೇ ಇತ್ತು.

"ಸರ, ಇದು ಫಾರಿನ್ ಸೈಕಲ್ ಅಲ್ರಿ. ನಮ್ಮಪ್ಪನ ಸೈಕಲ್ ಐತಿ ಇದು."

ಅವನ ಮಾತು ಅಕ್ಷರಶಃ ನಿಜ. ನಾವು ಇಂದು ಡಚ್ ಸೈಕಲ್ಲೆಂದು ಕರೆಯುವ, ಅವರು "ಒಪಾಫೀಟ್ಸ್", "ಒಮಾಫೀಟ್ಸ್" ಎಂದು ಅಜ್ಜ ಅಜ್ಜಿಯರ ಹೆಸರಿನಿಂದ ಕರೆಯುವ ಈ ನೆಟ್ಟಗೆ ಕೂರುವ ಸೈಕಲ್ಲು ಮೂಲತಃ ಇಂಗ್ಲೆಂಡಿನ ರೋಡ್‌ಸ್ಟರ್. ಡೆವೆಂಟರ್ ಊರಿನಲ್ಲಿ 1869ರಲ್ಲಿ ಬರ್ಖರ್ಸ್ ಕಾರ್ಖಾನೆಯೂ ಡೀರೆನ್ ಊರಿನಲ್ಲಿ 1892ರಲ್ಲಿ ಗಜೆಲ್ ಕಾರ್ಖಾನೆಯೂ ಆರಂಭವಾದ ಮೇಲೆ ಡಚ್ಚರು ಆ ಇಂಗ್ಲಿಷ್ ಮಾದರಿಯನ್ನು ತಮ್ಮದನ್ನಾಗಿ ಮಾಡಿಕೊಂಡರು. ನಮ್ಮಲ್ಲಿ 1949ರಲ್ಲಿ ಮದ್ರಾಸಿನಲ್ಲಿ ಹುಟ್ಟಿದ ಟಿ.ಐ. ಸೈಕಲ್ಸ್, 1956ರಲ್ಲಿ ಲೂಧಿಯಾನಾದಲ್ಲಿ ಹುಟ್ಟಿದ ಹೀರೋ ಕಾರ್ಖಾನೆಗಳು ಕೂಡ ಅದೇ ಮಾದರಿಯನ್ನು ಹಳ್ಳಿ ಹಳ್ಳಿಗೆ ಮುಟ್ಟಿಸಿದವು. ಇಂಗ್ಲೆಂಡಿನವರು ಅದನ್ನು ಮರೆತರು; ನಾವೂ ಅವರೂ, ಒಬ್ಬರನ್ನೊಬ್ಬರು ಕಾಣದ ದಾಯಾದಿಗಳಂತೆ, ಉಳಿಸಿಕೊಂಡೆವು. ನಮ್ಮ ಸೈಕಲ್ಲಿನ ಟ್ಯೂಬಿಗೆ ವಾಲ್‌ಟ್ಯೂಬ್ ಹಾಕಿ ಗಾಳಿ ಹೊಡೆಯುವ ಬಗೆಯ ವಾಲ್ವನ್ನೇ ಅವರು "ಹೊಲ್ಲಾಂಡ್ಸ್ ವೆಂಟೀಲ್", ಅಂದರೆ ಹಾಲೆಂಡಿನ ವಾಲ್ವ್ ಎಂದು ತಮ್ಮದೆಂಬಂತೆ ಕರೆಯುತ್ತಾರೆ. ನನ್ನ ಬಳಿಯಿದ್ದ ಪಂಪು ಅದಕ್ಕೆ ಸರಿಯಾಗಿ ಕೂತಿತು.

ಈ ಸಂತೋಷದಲ್ಲಿ ಹೊಸ ರಿಮ್ಮುಗಳನ್ನೂ ಕೊಂಡುಬಿಟ್ಟೆ. ಮನೆಗೆ ಬಂದು ತೂತುಗಳನ್ನು ಎಣಿಸಿದಾಗ ತಪ್ಪು ತಿಳಿಯಿತು. ನಮ್ಮ ಹಳೆಯ ಮಾದರಿಯ ಸೈಕಲ್ಲುಗಳಲ್ಲಿ ಮುಂದಿನ ಚಕ್ರಕ್ಕೆ 32, ಹಿಂದಿನದಕ್ಕೆ 40 ಕಡ್ಡಿಗಳಿರುತ್ತವೆ. ಹಿಂದೆ ಹೊರೆ ಹೆಚ್ಚೆಂಬ ಹಳೆಯ ಇಂಗ್ಲಿಷ್ ಲೆಕ್ಕವದು. ಡಚ್ ಸೈಕಲ್ಲಿನಲ್ಲಿ ಎರಡೂ ಕಡೆ 36. ಹಬ್ಬನ್ನು ಬದಲಿಸದೆ ರಿಮ್ಮನ್ನು ಬದಲಿಸುವಂತಿಲ್ಲ; ಹಬ್ಬನ್ನು ಬದಲಿಸಿದರೆ ಈ ಸೈಕಲ್ಲು ಈ ಸೈಕಲ್ಲಾಗಿ ಉಳಿಯುವುದಿಲ್ಲ. ರಿಮ್ಮುಗಳನ್ನು ಹಿಂದಿರುಗಿಸಿ, ಹಳೆಯವನ್ನೇ ಅಲ್ಯೂಮಿನಿಯಂ ಹಾಳೆಯ ಉಂಡೆಗೆ ನೀರು ಹಚ್ಚಿ ಉಜ್ಜತೊಡಗಿದೆ. ಕ್ರೋಮಿನ ಮೇಲಿನ ತುಕ್ಕಿಗೆ ಇದಕ್ಕಿಂತ ಅಗ್ಗದ ಮದ್ದಿಲ್ಲ. ಎರಡು ರಿಮ್ಮುಗಳಿಗೆ ನಾಲ್ಕು ಸಂಜೆ ಹಿಡಿದವು. ಮೂರು ಕಡ್ಡಿಗಳು ನಿಪ್ಪಲಿನ ಬಳಿ ಮುರಿದುಹೋಗಿದ್ದರಿಂದ ಅಂಗಡಿಯವನಿಂದ ಅದೇ ಅಳತೆಗೆ ಕತ್ತರಿಸಿ ಎಳೆ ಹಾಕಿಸಿ ತಂದೆ.

ಹಿಂದಕ್ಕೆ ತುಳಿದರೆ ನಿಲ್ಲುವ ಚಕ್ರ

ನನ್ನ ಮಟ್ಟಿಗೆ ಹೊಸದಾಗಿದ್ದದ್ದು ಹಿಂದಿನ ಹಬ್ಬು ಮಾತ್ರ. ಹ್ಯಾಂಡಲ್ಲಿಗೆ ಬ್ರೇಕಿನ ಹಿಡಿಕೆಯೇ ಇಲ್ಲ. ಮುಂದಕ್ಕೆ ತುಳಿದರೆ ಚಲನೆ, ಕಾಲು ನಿಲ್ಲಿಸಿದರೆ ಚಕ್ರ ತಾನಾಗಿ ಉರುಳುತ್ತದೆ, ಹಿಂದಕ್ಕೆ ತುಳಿದರೆ ಬ್ರೇಕು. ಜರ್ಮನಿಯ ಶ್ವೈನ್‌ಫುರ್ಟ್‌ನಲ್ಲಿ ಎರ್ನ್‌ಸ್ಟ್ ಜಾಕ್ಸ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಟಾರ್ಪಿಡೋ ಎಂಬ ಹೆಸರಿನಲ್ಲಿ ಪ್ರಚಾರಕ್ಕೆ ತಂದ ಬಗೆಯ ಹಬ್ಬು ಇದು. ಹಲ್ಲುಚಕ್ರ ಮುಂದಕ್ಕೆ ತಿರುಗಿದಾಗ ಒಳಗಿನ ಸಣ್ಣ ಉರುಳೆಗಳು ಇಳಿಜಾರಾದ ಮೆಟ್ಟಿಲನ್ನೇರಿ ಹಬ್ಬಿನ ಒಳಗೋಡೆಗೆ ಸಿಕ್ಕಿಕೊಂಡು ಅದನ್ನೂ ಎಳೆದೊಯ್ಯುತ್ತವೆ. ಹಿಂದಕ್ಕೆ ತಿರುಗಿದಾಗ ಒಂದು ಶಂಕು ಮುಂದೆ ಸರಿದು, ಸೀಳು ಬಿಟ್ಟ ಒಂದು ಲೋಹದ ಕೊಳವೆಯನ್ನು ಅಗಲಿಸಿ ಅದೇ ಗೋಡೆಗೆ ಒತ್ತುತ್ತದೆ. ಹಬ್ಬು ನಿಲ್ಲುತ್ತದೆ. ಹೊರಗೆ ಕಾಣುವುದು ಒಂದು ಉಕ್ಕಿನ ತೋಳು ಮಾತ್ರ. ಅದನ್ನು ಚೌಕಟ್ಟಿನ ಕೆಳಗಿನ ಕೊಳವೆಗೆ ಪಟ್ಟಿಯಿಂದ ಬಿಗಿದಿರುತ್ತಾರೆ.

ವೃತ್ತಪತ್ರಿಕೆ ಹಾಸಿ, ಬಿಚ್ಚಿದ ಕ್ರಮದಲ್ಲಿಯೇ ಎಡದಿಂದ ಬಲಕ್ಕೆ ಜೋಡಿಸಿ, ಪ್ರತಿ ಹಂತಕ್ಕೂ ಫೋಟೋ ತೆಗೆದುಕೊಂಡೆ. ಒಳಗೆ ಗ್ರೀಸು ಇರಬೇಕಾದ ಕಡೆ ಕಂದು ಬಣ್ಣದ ಜಿಗುಟು ಮಣ್ಣಿತ್ತು. ಬೇರಿಂಗಿನ ಗುಂಡುಗಳಲ್ಲಿ ಏಳು ಹಳ್ಳಬಿದ್ದಿದ್ದವು. ಒಂದೆರಡನ್ನು ಬದಲಿಸುವುದು ಉಳಿತಾಯವಲ್ಲ, ಹೊಸ ಗುಂಡು ಹಳೆಯದಕ್ಕಿಂತ ಕೂದಲೆಳೆಯಷ್ಟು ದಪ್ಪವಿದ್ದರೂ ಭಾರವೆಲ್ಲ ಅದರ ಮೇಲೆಯೇ ಬೀಳುತ್ತದೆ, ಆದ್ದರಿಂದ ಎಲ್ಲವನ್ನೂ ಹೊಸದಾಗಿ ಹಾಕಿದೆ. ಗ್ರೀಸಿನ ವಿಷಯದಲ್ಲಿ ನಾನು ಎಡವುವವನಿದ್ದೆ. ನನ್ನ ಬಳಿಯಿದ್ದ ಸಾಮಾನ್ಯ ಗ್ರೀಸನ್ನು ತುಂಬುವ ಮುನ್ನ, ಮಗಳ ಒತ್ತಾಯಕ್ಕೆ, ಡೆಲ್ಫ್ಟಿನಲ್ಲಿ ಅವಳ ಪಕ್ಕದ ಮನೆಯಲ್ಲಿದ್ದ ಮುದುಕರನ್ನು ಕೇಳೋಣವೆಂದು ನಿಶ್ಚಯಿಸಿದೆ. ಅವರಿಗೆ 81 ವರ್ಷ. ನಲವತ್ತು ವರ್ಷ "ಫೀಟ್ಸೆಮಾಕರ್", ಅಂದರೆ ಸೈಕಲ್ ರಿಪೇರಿಯವರಾಗಿದ್ದವರು.

ಹತ್ತೂವರೆಯ ಲೆಕ್ಕ

ನಮ್ಮಲ್ಲಿಯಂತೆ ಮನಸ್ಸಿಗೆ ಬಂದಾಗ ಫೋನು ಹಚ್ಚುವಂತಿರಲಿಲ್ಲ. ಮೊದಲು "ಆಫ್‌ಸ್ಪ್ರಾಕ್", ಅಂದರೆ ಸಮಯದ ಒಪ್ಪಂದ, ಆಗಬೇಕು. ಅವರು ತಮ್ಮ ಡೈರಿ ನೋಡಿ ಹದಿನಾರು ದಿನಗಳ ಆಚೆಗಿನ ಒಂದು ಗುರುವಾರ ಬಿಡುವಿದೆಯೆಂದು ತಿಳಿಸಿದರು. ನಿವೃತ್ತರಾದ ಮುದುಕರಿಗೆ ಹದಿನಾರು ದಿನ ಪುರಸೊತ್ತಿಲ್ಲವೇ ಎಂದು ನನಗೆ ಸ್ವಲ್ಪ ಬೇಸರವೇ ಆಯಿತು. ಇದು ಬಿಗುಮಾನವಲ್ಲ, ಎಲ್ಲರಿಗೂ ಹೀಗೆಯೇ, ಸ್ವಂತ ಮಕ್ಕಳೂ ಕೇಳಿಯೇ ಬರುತ್ತಾರೆ. ಸಂಜೆ ಆರಕ್ಕೆ ಊಟದ ಹೊತ್ತಿನಲ್ಲಿಯಂತೂ ಯಾರೂ ಯಾರ ಬಾಗಿಲನ್ನೂ ತಟ್ಟುವುದಿಲ್ಲ ಎಂದು ಮಗಳು ಸಮಾಧಾನ ಹೇಳಿದಳು.

ನಿಗದಿಯಾದ ಸಮಯ "ಹಾಲ್ಫ್ ಎಲ್ಫ್". "ಎಲ್ಫ್" ಎಂದರೆ ಹನ್ನೊಂದು, "ಹಾಲ್ಫ್" ಎಂದರೆ ಅರ್ಧ ಎಂಬುದು ಅಷ್ಟರಲ್ಲಿ ನನಗೆ ತಿಳಿದಿತ್ತು. ಹಾಗಾದರೆ ಹನ್ನೊಂದೂವರೆ, ಬೇಸಿಗೆಯಲ್ಲಿ ಅವರು ನಮಗಿಂತ ಮೂರೂವರೆ ಗಂಟೆ ಹಿಂದಿರುವುದರಿಂದ ನಮ್ಮ ಮಧ್ಯಾಹ್ನದ ಮೂರು ಗಂಟೆ. ಸರಿಯಾಗಿ ಮೂರಕ್ಕೆ ವಿಡಿಯೋ ಫೋನು ಹಚ್ಚಿದೆ. ಅವರು ಒಂದು ಗಂಟೆಯಿಂದ ಕಾದಿದ್ದರು. ಡಚ್ ಭಾಷೆಯಲ್ಲಿ "ಹಾಲ್ಫ್ ಎಲ್ಫ್" ಎಂದರೆ ಹನ್ನೊಂದರ ಕಡೆಗೆ ಅರ್ಧ ದಾರಿ, ಅಂದರೆ ಹತ್ತೂವರೆ. ನಾವು ಕಳೆದ ಗಂಟೆಯನ್ನು ಹಿಡಿದು ಎಣಿಸುತ್ತೇವೆ, ಅವರು ಬರಲಿರುವ ಗಂಟೆಯನ್ನು ಹಿಡಿದು ಎಣಿಸುತ್ತಾರೆ. ಇದು ಇನ್ನೂ ಮುಂದೆ ಹೋಗಿ, ಹತ್ತು ಗಂಟೆ ಇಪ್ಪತ್ತೈದು ನಿಮಿಷಕ್ಕೆ "ಅರ್ಧ ಹನ್ನೊಂದಕ್ಕೆ ಐದು ಕಡಿಮೆ" ಎನ್ನುತ್ತಾರೆ. ಕಾಫಿ ಆರಿಹೋಯಿತು, ನಾನು ಎರಡನೆಯ ಸಲ ಮಾಡಿಕೊಂಡೆ ಎಂದು ಅವರು ಮುಖ ನೋಡಿಯೇ ಹೇಳಿದರು. ಕ್ಷಮೆ ಕೇಳಿದೆ. ಅವರು ತಲೆಯಾಡಿಸಿ ನೇರವಾಗಿ ಹಬ್ಬಿನ ವಿಷಯಕ್ಕೆ ಬಂದರು. ಹೇಳುವುದನ್ನು ಹೇಳಿ ಮುಗಿಸಿದ ಮೇಲೆ ಅವರ ಮನಸ್ಸಿನಲ್ಲಿ ಏನೂ ಉಳಿದಂತೆ ಕಾಣಲಿಲ್ಲ.

ಅವರು ಕಾಫಿಯ ಜೊತೆ ಒಂದೇ ಒಂದು ಬಿಸ್ಕತ್ತು ತೆಗೆದುಕೊಂಡು ಡಬ್ಬಿಯ ಮುಚ್ಚಳ ಹಾಕಿದ್ದನ್ನೂ ನಾನು ಗಮನಿಸಿದೆ. ಡಚ್ಚರ ಈ ಒಂದು ಬಿಸ್ಕತ್ತಿನ ಬಗ್ಗೆ ಮಗಳಿಂದ ಕೇಳಿದ್ದೆನಾದರೂ ಕಣ್ಣಾರೆ ಕಂಡದ್ದು ಅಂದೇ.

ಅವರ ಇಂಗ್ಲಿಷ್ ಚೆನ್ನಾಗಿಯೇ ಇತ್ತು, ನಾನು ಡಚ್ಚಿನಲ್ಲಿ ತೊದಲಿದೊಡನೆ ಉಪಕಾರವೆಂಬಂತೆ ಇಂಗ್ಲಿಷಿಗೆ ಹೊರಳುತ್ತಿದ್ದರು. ಆದರೆ ಬಿಡಿಭಾಗಗಳ ಹೆಸರು ಬಂದಾಗ ಅವರಿಗೂ ಡಚ್ಚೇ ಬೇಕಾಗುತ್ತಿತ್ತು. ನಾನು ಮಗಳು ಕಲಿಸಿದಂತೆ ಗೌರವದ "ಯೂ" ಬಳಸಿದೆ. ಅವರು ಕೂಡಲೇ ತಡೆದು, "ಝೆಖ್ ಮಾರ್ ಯೆ", ಅಂದರೆ ಏಕವಚನದಲ್ಲಿಯೇ ಕರೆ ಎಂದರು. ನಮ್ಮಲ್ಲಿ ಅವ್ವನನ್ನು, ದೇವರನ್ನು, ಗೆಳೆಯರನ್ನು ಏಕವಚನದಲ್ಲಿ ಕರೆಯುತ್ತೇವೆಯೇ ಹೊರತು ನನಗಿಂತ ಹದಿನೇಳು ವರ್ಷ ಹಿರಿಯರಾದ, ಆಗತಾನೆ ಪರಿಚಯವಾದವರನ್ನಲ್ಲ. ಬಾಯಿ ಏಳಲಿಲ್ಲ. ಐದು ತಿಂಗಳ ಬಳಿಕವೂ ನಾನು ವಾಕ್ಯವನ್ನು ಸುತ್ತಿ ಬಳಸಿ, ಎರಡೂ ಸರ್ವನಾಮಗಳನ್ನು ತಪ್ಪಿಸಿ ಮಾತಾಡುತ್ತಿದ್ದೇನೆ.

ಸದ್ದಿನ ಲಕ್ಷಣವನ್ನು ವಿವರಿಸಿ ಮುಗಿಸಿದಾಗ ಅವರು "ಓ, ಒಪ್ ದೀ ಫೀಟ್ಸ್!" ಎಂದು ಉದ್ಗರಿಸಿದರು. "ಓ, ಆ ಸೈಕಲ್ಲಿನ ಮೇಲೆ" ಎಂಬುದು ಅದರ ಅಕ್ಷರಾರ್ಥ. ಹೌದು, ಅದೇ ಸೈಕಲ್ಲು, ಇನ್ಯಾವ ಸೈಕಲ್ಲು ಎಂದು ನಾನು ಗಲಿಬಿಲಿಗೊಂಡೆ. ಮಗಳು ಪಕ್ಕದಲ್ಲಿ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು. "ಓಹೋ, ವಿಷಯ ಹೀಗೋ" ಎನ್ನಲು ಡಚ್ಚರು ಬಳಸುವ ನುಡಿಗಟ್ಟಂತೆ ಅದು.

ಗ್ರೀಸಿನ ಬಗ್ಗೆ ಅವರ ಉತ್ತರ ಸ್ಪಷ್ಟವಾಗಿತ್ತು. ಬ್ರೇಕಿನ ಕೊಳವೆ ಗ್ರೀಸಿನಲ್ಲಿ ಮುಳುಗಿಯೇ ಕೆಲಸ ಮಾಡಬೇಕು, ಒಣಗಿದರೆ ಕಚ್ಚಿಕೊಳ್ಳುತ್ತದೆ. ಆದರೆ ಬ್ರೇಕು ಹಿಡಿದಾಗ ಅಲ್ಲಿ ಬಿಸಿ ಏರುವುದರಿಂದ ಶಾಖ ತಡೆಯುವ ಗ್ರೀಸೇ ಆಗಬೇಕು. ಲಾರಿ ಚಕ್ರದ ಬೇರಿಂಗಿಗೆ ಹಾಕುವ ಗ್ರೀಸು ಹುಬ್ಬಳ್ಳಿಯಲ್ಲಿ ಸಿಕ್ಕಿತು.

ಕೋಟಿನ ಕಾವಲು, ಚೈನಿನ ಕವಚ

ಹಿಂದಿನ ಚಕ್ರದ ಎರಡೂ ಬದಿಗೆ "ಯಾಸ್‌ಬೆಸ್ಖೆರ್ಮರ್" ಎಂಬ ಪರದೆಗಳಿರುತ್ತವೆ. "ಯಾಸ್" ಎಂದರೆ ಕೋಟು. ಗಾಳಿಗೆ ಹಾರುವ ಕೋಟಿನ ಅಂಚು ಕಡ್ಡಿಗಳಿಗೆ ಸಿಕ್ಕದಂತೆ ಕಾಯುವುದು ಅದರ ಕೆಲಸ. ನಮ್ಮ ಮೋಟರ್ ಸೈಕಲ್ಲುಗಳ ಸೀರೆ ಗಾರ್ಡಿನ ಅಣ್ಣನಿದು. ಸೈಕಲ್ಲು ಹೊಡೆಯಲೆಂದು ಬೇರೆ ಬಟ್ಟೆ ತೊಡುವ ಕಲ್ಪನೆ ಅವರಲ್ಲಿಲ್ಲ. ಕಚೇರಿಗೆ, ಮದುವೆಗೆ, ಸಾವಿನ ಮನೆಗೆ, ಯಾವ ಉಡುಪಿನಲ್ಲಿ ಹೋಗಬೇಕೋ ಅದೇ ಉಡುಪಿನಲ್ಲಿ ಏರುತ್ತಾರೆ. ಚೈನನ್ನು ಪೂರ್ತಿ ಮುಚ್ಚುವ ಕೆಟಿಂಗ್‌ಕಾಸ್ಟಿನ ಕಾರಣವೂ ಅದೇ. ಅದರ ಇನ್ನೊಂದು ಕಾರಣ ಮಳೆ. ಮಳೆ ಬಂತೆಂದು ಯಾರಾದರೂ ಹಿಂಜರಿದರೆ "ನಾನೇನು ಸಕ್ಕರೆಯಿಂದ ಮಾಡಿದವನಲ್ಲ" ಎನ್ನುವುದು ಅಲ್ಲಿನ ವಾಡಿಕೆ. ಗೌರಿ ಹುಣ್ಣಿಮೆಗೆ ಸಕ್ಕರೆ ಗೊಂಬೆಯ ಆರತಿ ಮಾಡುವ ನಮ್ಮ ಸೀಮೆಯವಳಾದ ಮಗಳಿಗೆ ಆ ಮಾತು ಮೊದಲ ದಿನವೇ ನೆಟ್ಟಿತಂತೆ.

ನಮ್ಮ ಕವಚದ ಒಳಗೆ ತಂತಿಯ ಚೌಕಟ್ಟು, ಅದರ ಮೇಲೆ ಮೆರುಗು ಬಳಿದ ಕರಿಯ ಬಟ್ಟೆ ಎಳೆದು ಬಿಗಿದಿತ್ತು. ಚೌಕಟ್ಟು ಗಟ್ಟಿಯಾಗಿತ್ತು, ಬಟ್ಟೆ ಮುಟ್ಟಿದರೆ ಒಡೆಯುತ್ತಿತ್ತು. ಅದನ್ನು ಹೊಲಿಗೆಯ ದಾರದ ಗುಂಟ ಬಿಡಿಸಿ, ಹಳೆಯ ಪತ್ರಿಕೆಯ ಮೇಲಿಟ್ಟು ನಮೂನೆ ಕತ್ತರಿಸಿಕೊಂಡೆ: ಉದ್ದ 66 ಸೆಂಟಿಮೀಟರ್, ಪೆಡಲಿನ ಕಡೆ ಎತ್ತರ 22, ಹಬ್ಬಿನ ಕಡೆ 13. ಸೋಫಾ ಹೊಲಿಯುವವರ ಬಳಿ ಕರಿ ರೆಕ್ಸಿನ್ ಒಂದು ಮೀಟರ್ ಕೊಂಡು ನಾನೇ ಹೊಲಿದೆ. ತೊಡಿಸಿದಾಗ ಅದು ಮುದುಕನ ಕುತ್ತಿಗೆಯಂತೆ ಸುಕ್ಕುಗಟ್ಟಿತು. ಫೋಟೋ ಕಳಿಸಿದೆ. ಡೆಲ್ಫ್ಟಿನಿಂದ ಬಂದ ಉತ್ತರ ಒಂದೇ ಪದ: "ಲೇಲಕ್". ಕುರೂಪ. ಬಿಚ್ಚಿ ಮತ್ತೆ ಹೊಲಿ ಎಂಬ ಸಲಹೆ ಮರುದಿನ ಬಂತು.

ನಮ್ಮಲ್ಲಾಗಿದ್ದರೆ "ಛಲೋ ಆಗೇದ, ಆದ್ರ ಇಲ್ಲೊಂದ ಸ್ವಲ್ಪ" ಎಂದು ಸುತ್ತಿಕೊಂಡು ಬರುತ್ತಿದ್ದರು. ನನಗೆ ಎರಡು ದಿನ ಸಿಟ್ಟಿತ್ತು. ಮೂರನೆಯ ದಿನ ರೆಕ್ಸಿನ್ನನ್ನು ಕೈಯಲ್ಲಿ ಎಳೆದು ನೋಡಿದಾಗ, ಅದು ಅಡ್ಡಕ್ಕೆ ಹಿಗ್ಗುತ್ತದೆ, ಉದ್ದಕ್ಕೆ ಹಿಗ್ಗುವುದಿಲ್ಲ ಎಂಬುದನ್ನು ಕಂಡೆ. ನಾನು ಕತ್ತರಿಸಿದ್ದು ಉಲ್ಟಾ. ಎರಡನೆಯ ಸಲ ಹಿಗ್ಗುವ ದಿಕ್ಕನ್ನು ಚೈನಿನ ಗುಂಟ ಇಟ್ಟು, ನಮೂನೆಗಿಂತ ಉದ್ದದಲ್ಲಿ ಒಂದು ಸೆಂಟಿಮೀಟರ್ ಕಡಿಮೆ ಕತ್ತರಿಸಿ, ಮೇ ತಿಂಗಳ ಬಿಸಿಲಿಗೆ ಅರ್ಧ ಗಂಟೆ ಒಡ್ಡಿ ಮೆತ್ತಗಾದ ಮೇಲೆ ಎಳೆದು ತೊಡಿಸಿದೆ. ಅಂಚಿನ ಹೊಲಿಗೆಯನ್ನು ಈ ಸಲ ಬಸ್ ನಿಲ್ದಾಣದ ಬಳಿ ಚಪ್ಪಲಿ ಹೊಲಿಯುವವರಿಂದ ಮೇಣದ ದಾರದಲ್ಲಿ ಹಾಕಿಸಿದೆ. ಹಿಂಭಾಗದಲ್ಲಿ, ಚಕ್ರ ತೆಗೆಯುವಾಗ ಬಿಚ್ಚಲು ಬೇಕಾದ ಸೀಳಿಗೆ, ಚೀಲ ರಿಪೇರಿಯವರಿಂದ ಎಂಟು ಹಿತ್ತಾಳೆ ಕಣ್ಣುಗಳನ್ನು ಒತ್ತಿಸಿ ಬೂಟಿನ ಲೇಸನ್ನು ಪೋಣಿಸಿದೆ. ಮೊದಲು ಇದ್ದದ್ದೂ ಲೇಸೇ.

ಎರಡನೆಯ ಫೋಟೋಗೆ ಬಂದ ಉತ್ತರ "ನೀಟ್ ಸ್ಲೆಖ್ಟ್". ಕೆಟ್ಟದ್ದಲ್ಲ, ಎಂದರ್ಥ. ಅವರ ಬಾಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ತಾನು ಎಂಟು ವರ್ಷದಲ್ಲಿ ಕೇಳಿಲ್ಲವೆಂದು ಮಗಳು ಹೇಳಿದಳು. ಅದೇ ಸಂದೇಶದಲ್ಲಿ ಅವರು ನನ್ನ ಹುಟ್ಟಿದ ದಿನಾಂಕವನ್ನೂ ಕೇಳಿದ್ದರು. ವಾರದ ಹೆಸರುಗಳಿಲ್ಲದ, ವರ್ಷ ಬದಲಾದರೂ ಬದಲಿಸಬೇಕಿಲ್ಲದ ಹುಟ್ಟುಹಬ್ಬದ ಕ್ಯಾಲೆಂಡರ್ ಒಂದು ಪ್ರತಿ ಡಚ್ ಮನೆಯಲ್ಲೂ ಇರುವುದಂತೆ. ಅದನ್ನು ತೂಗುಹಾಕುವ ಜಾಗ ಮಾತ್ರ ಪಾಯಖಾನೆಯ ಬಾಗಿಲ ಹಿಂದೆ. ದಿನಕ್ಕೊಮ್ಮೆಯಾದರೂ ಕಣ್ಣಿಗೆ ಬೀಳಬೇಕಲ್ಲ.

ಬೆಳಕು

ಡೈನಮೋ ಟಯರಿಗೆ ಒರಗಿ ತಿರುಗುವ, 6 ವೋಲ್ಟ್ 3 ವ್ಯಾಟಿನ ಸೀಸೆಯಾಕಾರದ್ದು. ಮುಂದಿನ ದೀಪಕ್ಕೆ 2.4, ಹಿಂದಿನದಕ್ಕೆ 0.6 ವ್ಯಾಟ್. ಅಳೆದು ನೋಡಿದರೆ ಅದು ಸತ್ತಿರಲಿಲ್ಲ. ಇದರಲ್ಲಿ ಒಂದೇ ತಂತಿ ಹೋಗುತ್ತದೆ, ವಿದ್ಯುತ್ತು ಹಿಂದಿರುಗುವುದು ಚೌಕಟ್ಟಿನ ಕಬ್ಬಿಣದ ಮೂಲಕ. ತುಕ್ಕು ಆ ದಾರಿಯನ್ನು ಮುಚ್ಚಿತ್ತು. ತುಕ್ಕನ್ನು ಕೆರೆದು, ಮತ್ತೆ ಹಿಡಿಯದಿರಲೆಂದು ಕರಿಯ ಬಣ್ಣ ಬಳಿದು, ಆ ದಾರಿಯನ್ನು ನಾನೇ ಮತ್ತೆ ಮುಚ್ಚಿಬಿಟ್ಟೆ. ಒಂದು ಸಂಜೆ ಪೂರ್ತಿ ಬಲ್ಬುಗಳನ್ನು ಬೈದ ಮೇಲೆ, ಹಿಡಿಕೆಯಲ್ಲಿದ್ದ ಮೊನಚಾದ ಸ್ಕ್ರೂ ಬಣ್ಣವನ್ನು ಚುಚ್ಚಿ ಲೋಹ ಮುಟ್ಟಲೆಂದೇ ಇರುವುದೆಂದು ಹೊಳೆಯಿತು. ಎರಡು ಸುತ್ತು ತಿರುಗಿಸಿದೆ, ದೀಪ ಹತ್ತಿತು. ಹಿಂದಿನ ದೀಪಕ್ಕೆ ಮಡ್‌ಗಾರ್ಡನ್ನು ನಂಬದೆ ಬೇರೆ ತಂತಿಯನ್ನೇ ಎಳೆದೆ.

ಕತ್ತಲಾದ ಮೇಲೆ ಮುಂದೆ ಬಿಳಿ, ಹಿಂದೆ ಕೆಂಪು ದೀಪ, ಪೆಡಲುಗಳಿಗೆ ಹಳದಿ ಪ್ರತಿಫಲಕ, ಚಕ್ರಗಳಿಗೆ ಬಿಳಿ ಅಥವಾ ಹಳದಿ ಪ್ರತಿಫಲಕ, ಒಂದು ಬೆಲ್ಲು: ಇಷ್ಟೂ ಅಲ್ಲಿ ಕಾನೂನಿನ ಕಡ್ಡಾಯ. ಅಲ್ಲಿನ ಟಯರುಗಳ ಪಕ್ಕದಲ್ಲಿಯೇ ಹೊಳೆಯುವ ಪಟ್ಟೆ ಬರುತ್ತದೆ. ನಾನು ಕೊಂಡ ಟಯರಿಗೆ ಅದಿಲ್ಲ, ಆದ್ದರಿಂದ ಕಡ್ಡಿಗಳಿಗೆ ಹಳದಿ ತುಂಡುಗಳನ್ನು ಸಿಕ್ಕಿಸಿದೆ.

ರಸ್ತೆಗೆ

ಮೊದಲ ಸವಾರಿ ನಮ್ಮ ಓಣಿಯಲ್ಲಿಯೇ, ಜೂನ್ ತಿಂಗಳಲ್ಲಿ. ಏರುವುದೇ ಕಷ್ಟವಾಯಿತು. ನಾವು ಪೆಡಲನ್ನು ಹಿಂದಕ್ಕೆ ತಿರುಗಿಸಿ ಬೇಕಾದ ಎತ್ತರಕ್ಕೆ ತಂದುಕೊಂಡು ಏರುತ್ತೇವೆ. ಇಲ್ಲಿ ಹಿಂದಕ್ಕೆ ತಿರುಗಿಸಿದರೆ ಚಕ್ರವೇ ಕಚ್ಚಿಕೊಳ್ಳುತ್ತದೆ. ಆದ್ದರಿಂದ ನಿಲ್ಲಿಸುವಾಗಲೇ ಒಂದು ಪೆಡಲು ಮೇಲಿರುವಂತೆ ನಿಲ್ಲಿಸಬೇಕು. ಓಣಿಯ ತುದಿಯಲ್ಲಿ ಆಕಳು ಅಡ್ಡ ಬಂದಾಗ ಹಿಂದಕ್ಕೆ ತುಳಿದೆ. ಟಪ್ಪೆಂಬ ಸದ್ದಾಗಿ ಬ್ರೇಕು ಬಿಟ್ಟಿತು, ಚೈನು ಸಡಿಲಾಯಿತು, ನಾನು ಗಟಾರದ ಅಂಚಿಗೆ ಮೊಣಕಾಲು ತರಚಿಕೊಂಡು ನಿಂತೆ.

ಕಾರಣ ನನ್ನದೇ. ಬ್ರೇಕಿನ ಉಕ್ಕಿನ ತೋಳನ್ನು ಬಿಗಿಯುವ ಪಟ್ಟಿ ಬಿಚ್ಚುವಾಗ ಕಳೆದುಹೋಗಿತ್ತು, ಅದರ ಬದಲು ನೀರಿನ ಪೈಪಿಗೆ ಬಡಿಯುವ ತಗಡಿನ ಕ್ಲಿಪ್ಪು ಹಾಕಿದ್ದೆ. ಬ್ರೇಕು ಹಿಡಿದಾಗ ಚಕ್ರದ ತಿರುಗುವ ಬಲವೆಲ್ಲ ಆ ತೋಳಿಗೆ ಬರುತ್ತದೆ. ತಗಡು ಬಿಚ್ಚಿಕೊಂಡು, ತೋಳು ತಿರುಗಿ, ಅದರೊಡನೆ ಅಚ್ಚೂ ತಿರುಗಿ ನಟ್ಟು ಸಡಿಲಾಯಿತು. 3 ಮಿಲಿಮೀಟರ್ ದಪ್ಪದ ಕಬ್ಬಿಣದ ಪಟ್ಟಿಯನ್ನು ಕೊಳವೆಯ ಸುತ್ತಳತೆಗೆ ಬಗ್ಗಿಸಿ, ಸರಿಯಾದ ಬೋಲ್ಟಿನಿಂದ ಬಿಗಿದೆ. ತಗಡಿನ ಕ್ಲಿಪ್ಪು ಫೋಟೋದಲ್ಲಿ ಕಂಡಿತ್ತಲ್ಲ, ಏಕೆ ಹೇಳಲಿಲ್ಲವೆಂದು ಡೆಲ್ಫ್ಟಿನವರನ್ನು ಕೇಳಿದೆ. ನೀನು ಕವಚದ ಬಗ್ಗೆ ಮಾತ್ರ ಕೇಳಿದ್ದೆ ಎಂದರು.

ಉಳಿದದ್ದು ಏರು ಇಳಿವಿನ ಸಮಸ್ಯೆ. ನೆದರ್ಲೆಂಡ್ಸಿನ ಯೂರೋಪಿನಲ್ಲಿರುವ ಭೂಭಾಗದ ಅತಿ ಎತ್ತರದ ಜಾಗವಾದ ಫಾಲ್ಸರ್‌ಬೆರ್ಖ್ ಗುಡ್ಡ 322 ಮೀಟರ್. ಧಾರವಾಡದ ತಗ್ಗಿನ ಓಣಿಯೂ ಅದಕ್ಕಿಂತ ಎಷ್ಟೋ ಮೇಲಿದೆ. ಅಲ್ಲಿ ಏರೆಂದರೆ ಸೇತುವೆ, ವೈರಿಯೆಂದರೆ ಎದುರುಗಾಳಿ. ಆ ಗಾಳಿಗೆ ಸ್ಪರ್ಧೆಯನ್ನೇ ಕಟ್ಟಿದ್ದಾರೆ: 2013ರಿಂದ, ಬಿರುಗಾಳಿಯ ಮುನ್ಸೂಚನೆ ಬಂದಾಗ, ಊಸ್ಟರ್‌ಸ್ಖೆಲ್ಡೆ ಸಮುದ್ರ ತಡೆಗೋಡೆಯ ಮೇಲೆ 8.5 ಕಿಲೋಮೀಟರ್ ಎದುರುಗಾಳಿಯಲ್ಲಿ, ಗೇರಿಲ್ಲದ, ಹಿಂದಕ್ಕೆ ತುಳಿಯುವ ಬ್ರೇಕಿನ ಇಂಥವೇ ಸೈಕಲ್ಲುಗಳ ಮೇಲೆ. ನಮಗೆ ಬೇಕಾದದ್ದು ಗುಡ್ಡದ ಲೆಕ್ಕ. ಮುಂದೆ 46, ಹಿಂದೆ 19 ಹಲ್ಲುಗಳಿದ್ದವು; ಪೆಡಲು ಒಂದು ಸುತ್ತು ಬಂದರೆ ಚಕ್ರ 2.4 ಸುತ್ತು. ಜುಲೈಯಲ್ಲಿ ಬಂದ ಮಗಳ ಗೆಳತಿಯೊಬ್ಬಳು 22 ಹಲ್ಲಿನ ಚಕ್ರ ತಂದುಕೊಟ್ಟಳು, ಅನುಪಾತ 2.1ಕ್ಕೆ ಇಳಿಯಿತು. ಚೈನಿಗೆ ಒಂದು ಜೋಡಿ ಕೊಂಡಿ ಸೇರಿಸಬೇಕಾಯಿತು. ವಿಶ್ವವಿದ್ಯಾಲಯದ ಗುಡ್ಡವನ್ನು ಈಗ ಇಳಿಯದೆ ಏರುತ್ತೇನೆ. ಇಳಿಯುವಾಗ ಮಾತ್ರ ನಡುವೆ ಒಮ್ಮೆ ನಿಂತು ಹಬ್ಬನ್ನು ಮುಟ್ಟಿ ನೋಡುತ್ತೇನೆ. ಸಪಾಟು ನೆಲಕ್ಕೆಂದು ಮಾಡಿದ ಬ್ರೇಕು ಉದ್ದನೆಯ ಇಳಿಜಾರಿನಲ್ಲಿ ಕೈ ಸುಡುವಷ್ಟು ಕಾಯುತ್ತದೆ. ಮುಂದಿನ ಚಕ್ರಕ್ಕೊಂದು ಬ್ರೇಕು ಹಾಕುವವರೆಗೆ ಮೊಮ್ಮಗಳನ್ನು ಆ ದಾರಿಯಲ್ಲಿ ಕೂರಿಸಿಕೊಂಡು ಹೋಗುವುದಿಲ್ಲ.

ನಮ್ಮ ರಸ್ತೆಯ ಲಾರಿ, ಟಂಟಂಗಳ ನಡುವೆ ಈ ಸೈಕಲ್ಲು ಎಲ್ಲಿ ಓಡೀತೆಂದು ನಾನು ಒಮ್ಮೆ ಗೊಣಗಿದಾಗ ಡೆಲ್ಫ್ಟಿನ ಮುದುಕರು, ನಮ್ಮದೂ ಹುಟ್ಟಿದಾಗಲೇ ಹೀಗಿರಲಿಲ್ಲ ಎಂದರು. 1971ರ ಒಂದೇ ವರ್ಷದಲ್ಲಿ ಅವರ ರಸ್ತೆಗಳಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ನಾನೂರಕ್ಕೂ ಹೆಚ್ಚು ಮಕ್ಕಳು. ತಾಯಿ ತಂದೆಗಳು "ಸ್ಟಾಪ್ ದೆ ಕಿಂಡರ್‌ಮೋರ್ಟ್", ಮಕ್ಕಳ ಕೊಲೆ ನಿಲ್ಲಿಸಿ ಎಂಬ ಹೆಸರಿನಲ್ಲಿಯೇ ಚಳವಳಿ ಹೂಡಿದರು. 1973ರಲ್ಲಿ ತೈಲದ ಅಭಾವ ಬಂದು, ನವೆಂಬರ್ 4ರಿಂದ ಭಾನುವಾರಗಳಂದು ಕಾರುಗಳನ್ನು ನಿಲ್ಲಿಸಿದಾಗ, ಈ ಮುದುಕರು ಹೆದ್ದಾರಿಯ ನಟ್ಟನಡುವೆ ಹೆಂಡತಿಯನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಹೋಗಿದ್ದರಂತೆ. ಇಂದು ಯುಟ್ರೆಕ್ಟ್ ರೈಲು ನಿಲ್ದಾಣದ ಕೆಳಗೆ 12,500 ಸೈಕಲ್ಲು ನಿಲ್ಲುವ ಜಾಗವಿದೆ. ಈ ಮಾತಾಡಿದ ದಿನ ಅವರು ಪೆಟ್ಟಿಗೆಯಿಂದ ತಮ್ಮ ತಂದೆಯ ಕಾಲದ ಒಂದು ತಾಮ್ರದ ಬಿಲ್ಲೆ ತೆಗೆದು ಕ್ಯಾಮೆರಾಕ್ಕೆ ಹಿಡಿದರು. 1924ರಿಂದ 1941ರವರೆಗೆ ಅಲ್ಲಿ ಸೈಕಲ್ಲಿಗೆ ತೆರಿಗೆಯಿತ್ತು, ಕಟ್ಟಿದ್ದಕ್ಕೆ ಗುರುತಾಗಿ ವರ್ಷವರ್ಷವೂ ಬಿಲ್ಲೆ ಕೊಡುತ್ತಿದ್ದರು. ತೆರಿಗೆ ಕಟ್ಟಲಾಗದ ಬಡವರಿಗೆ ಪುಕ್ಕಟೆ ಬಿಲ್ಲೆ, ಆದರೆ ಅದರ ನಡುವೆ ಒಂದು ತೂತು. ಅವರು ತೋರಿಸಿದ ಬಿಲ್ಲೆಗೆ ತೂತಿತ್ತು. ಅದರ ಬಗ್ಗೆ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಆಗಸ್ಟ್ ಕೊನೆಯ ಹೊತ್ತಿಗೆ ಸೈಕಲ್ಲು ಸುಮಾರು 60 ಕಿಲೋಮೀಟರ್ ಓಡಿದೆ. ಹೊಸ ಟಯರುಗಳು ಕೂತಿವೆ, ಹಬ್ಬಿನ ಸದ್ದು ನಿಂತಿದೆ, ಮಳೆಯಲ್ಲಿ ರೆಕ್ಸಿನ್ ಸ್ವಲ್ಪ ಸಡಿಲಗೊಂಡದ್ದರಿಂದ ಲೇಸನ್ನು ಒಂದು ಕಣ್ಣಿನಷ್ಟು ಬಿಗಿದಿದ್ದೇನೆ. ಮುಂದಿನ ಬ್ರೇಕು ಯಾವ ಬಗೆಯದಾಗಬೇಕೆಂದು ಕೇಳಲು ಸಮಯ ಬೇಡಿದೆ. ಸೆಪ್ಟೆಂಬರ್ 19, "ಹಾಲ್ಫ್ ಎಲ್ಫ್" ಎಂದು ಉತ್ತರ ಬಂದಿದೆ. ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದೊಳಗೆ ಮಧ್ಯಾಹ್ನ 2 ಎಂದು ಬರೆದು, ಅದರ ಕೆಳಗೆ ಎರಡು ಗೆರೆ ಎಳೆದಿದ್ದೇನೆ.